ಕಸಬರಿಗೆ ಕೆಳಗಿಡ್ರಿ, ಅಂಜಿನಮ್ಮ

ಗೋವಿನಕೋವಿ ಹಳ್ಳಿಯ ಅಂಜಿನಮ್ಮ ಸಮುದ್ರ ನೋಡಿದ್ದಾಳೆ, ಆದರೆ ಅದರಲ್ಲಿ ಕಾಲು ನೆನೆಸಿಲ್ಲ. ಮುರುಡೇಶ್ವರಕ್ಕೆ ಹೋದಾಗ ಮನೆಮಂದಿಯೆಲ್ಲ ನೀರಿಗಿಳಿದರು. ಬ್ಯಾಗು, ಚಪ್ಪಲಿ, ಗಂಡನ ಕನ್ನಡಕ, ನಾದಿನಿಯ ಬಳೆ ಎಲ್ಲವನ್ನೂ ಸುತ್ತ ಹರಡಿಕೊಂಡು ಅವಳು ಮರಳ ಮೇಲೆ ಕೂತಳು. ಜೋಗದಲ್ಲೂ ಅಷ್ಟೆ. ಮೆಟ್ಟಿಲಿಳಿದು ಹೋದವರು ಬೇರೆಯವರು, ಮೇಲೆ ಬುತ್ತಿಯ ಡಬ್ಬಿಯನ್ನು ಮಂಗಗಳಿಂದ ಕಾಯುತ್ತಿದ್ದವಳು ಇವಳು. ಹಾಗಂತ ಯಾರೂ ಬಲವಂತದಿಂದ ಕೂರಿಸಿದ್ದಲ್ಲ. ಎಲ್ಲಿಗೆ ಹೋದರೂ ಒಬ್ಬರು ಉಳಿಯಬೇಕಾಗುತ್ತಿತ್ತು. ಆ ಒಬ್ಬರು ಯಾರು ಎಂದು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಹೊನ್ನಾಳಿಯಲ್ಲಿ ಡಿಗ್ರಿ ಓದುವ ಮಗಳು ರಕ್ಷಾ ಒಂದು ದಿನ ಹೊಸ ಆಟವೊಂದರ ಸುದ್ದಿ ತಂದಳು. ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಅರುಣಾ, ಓಂಕಾರ್ ಎಂಬ ಗಂಡ ಹೆಂಡತಿ ಎಸ್ಕೇಪ್ ರೂಮ್ ತೆರೆದಿದ್ದರು. ಆಟಕ್ಕೆ ಬಂದವರನ್ನು ಒಳಗೆ ಬಿಟ್ಟು ಬಾಗಿಲಿಗೆ ಬೀಗ ಜಡಿಯುತ್ತಾರೆ. ಕೋಣೆಯಲ್ಲಿ ಅಡಗಿಸಿಟ್ಟ ಸುಳಿವುಗಳನ್ನು ಹುಡುಕಿ, ಒಂದು ಗಂಟೆಯೊಳಗೆ ಕೀಲಿ ಪತ್ತೆಮಾಡಿ, ತಾವೇ ಬಾಗಿಲು ತೆಗೆದುಕೊಂಡು ಹೊರಬರಬೇಕು.

"ದುಡ್ಡು ಕೊಟ್ಟು ಬೀಗ ಹಾಕಿಸ್ಕಣದಾ?" ಊಟಕ್ಕೆ ಕೂತಿದ್ದ ಗಂಡ ಪರಮೇಶ್ ನಕ್ಕ. "ನಿಮ್ಮವ್ವನ್ನ ಅಡಿಗೆಮನ್ಯಾಗೆ ಬಿಟ್ಟು ಬೀಗ ಹಾಕ್ತೀನಿ ತಗಾ, ಪುಕ್ಸಟ್ಟೆ."

"ಅಲ್ಲಿಗೆ ಬೀಗ ಯಾಕಪ್ಪ? ಬೀಗ ಇಲ್ದಿದ್ರೂ ಅಲ್ಲೇ ಇರ್ತಾಳಲ್ಲ," ಎಂದಳು ರಕ್ಷಾ.

ಅಂಜಿನಮ್ಮ ರೊಟ್ಟಿ ತಿರುವಿ ಹಾಕಿದಳು. ಆ ಕೋಣೆಯ ಒಳಗೆ ಹೇಗಿರುತ್ತದೋ ಒಮ್ಮೆ ನೋಡಬೇಕು ಎಂಬ ಆಸೆ ಅವಳಿಗೆ ಆಗಲೇ ಹುಟ್ಟಿತ್ತು.

ಆಟದ ದಿನ ಗೊತ್ತಾಯಿತು. ಜಗಳೂರಿನಿಂದ ಬಂದಿದ್ದ ನಾದಿನಿ ಕೊಟ್ರಮ್ಮ, ರಕ್ಷಾ ಮತ್ತು ರಕ್ಷಾಳ ಗೆಳತಿ ಒಳಗೆ ಹೋಗುವುದು. ಅಂಜಿನಮ್ಮ ಕೆಳಗಿನ ಅಂಗಡಿಯ ಜಗುಲಿಯಲ್ಲಿ ಚೀಲಗಳ ಜೊತೆ ಕೂರುವುದು. ಆಮೇಲೆ ಎಲ್ಲರೂ ಸೀರೆ ಕೊಳ್ಳುವುದು. ಒಂದು ಹಗಲು ಮನೆ ಬಿಡಬೇಕೆಂದರೆ ಅಂಜಿನಮ್ಮ ಹಿಂದಿನ ದಿನವೇ ಶುರು ಮಾಡಬೇಕಿತ್ತು. ಹಿಟ್ಟು ಬೀಸಿಸಿ ತಂದಳು. ಬೆಳಿಗ್ಗೆ ಎರಡು ಹೊತ್ತಿನ ಅಡಿಗೆ ಮುಗಿಸಿ ಪಾತ್ರೆಗಳಿಗೆ ಮುಚ್ಚಳ ಮುಚ್ಚಿ, ಯಾವುದರಲ್ಲಿ ಏನಿದೆ ಎಂದು ಗಂಡನಿಗೆ ಒಂದೊಂದನ್ನೇ ತೆರೆದು ತೋರಿಸಿದಳು. ಅವನು ಮೊಬೈಲು ನೋಡುತ್ತಲೇ "ಆತು, ಆತು" ಎಂದ.

ಹೊನ್ನಾಳಿಯಲ್ಲಿ ಬಸ್ಸಿಳಿದು ಅಂಗಡಿ ಮುಟ್ಟುವಷ್ಟರಲ್ಲಿ ಗೆಳತಿಯ ಫೋನು ಬಂತು. ಜ್ವರ, ಬರುವುದಿಲ್ಲ. ಮೂವರಿಗಿಂತ ಕಡಿಮೆ ಇದ್ದರೆ ಆಟವಿಲ್ಲ.

"ಅತ್ತಿಗೇನ ಕರ್ಕಂಡ್ರಾತು ಬಿಡು," ಎಂದಳು ಕೊಟ್ರಮ್ಮ. "ಲೆಕ್ಕಕ್ಕೆ ಒಂದು ತಲೆ."

ರಕ್ಷಾ ಅನುಮಾನಿಸಿದಳು. "ಅವ್ವ, ನಿಂಗೆ ಬ್ಯಾಸರ ಆಗಲ್ವಾ? ಮತ್ತೆ ಬ್ಯಾಗು..."

"ಮ್ಯಾಲೆ ಬ್ಯಾಗಿಡಾಕೆ ಪೆಟ್ಟಿಗೆ ಅದಾವೆ ಅಂತ ನೀನೇ ಹೇಳಿದ್ಯಲ್ಲ," ಎಂದು ಅಂಜಿನಮ್ಮ ಮಾತಾಡುತ್ತಲೇ ಮೆಟ್ಟಿಲು ಹತ್ತತೊಡಗಿದ್ದಳು.

ಮೇಲೆ ಅರುಣಾ ಮೂವರ ಹೆಸರನ್ನೂ ಕೇಳಿಕೊಂಡಳು, ಚೀಲಗಳನ್ನು ಗೋಡೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿಸಿದಳು. ಫೋನುಗಳನ್ನೂ ಒಳಗೆ ಬಿಡುವಂತಿಲ್ಲ. ಅಷ್ಟರಲ್ಲಿ ಅಂಜಿನಮ್ಮನ ಫೋನು ಬಡಿದುಕೊಂಡಿತು. ಪರಮೇಶ್. ಉಪ್ಪಿನಕಾಯಿ ಎಲ್ಲಿದೆ ಎಂದು ಕೇಳಲಿಕ್ಕೇ ಇರಬೇಕು. ಅವಳು ಕೈ ಚಾಚಿದಳು. ಅರುಣಾ "ಆಟ ಮುಗಿಲಿ ರೀ" ಎಂದು ನಗುತ್ತಾ ಕೂಗುವ ಫೋನನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿಬಿಟ್ಟಳು. ಕಬ್ಬಿಣದೊಳಗಿಂದ ಕೇಳುವಾಗ ಆ ಕೂಗು ಪಕ್ಕದ ಓಣಿಯಲ್ಲಿ ಯಾರನ್ನೋ ಕರೆದಂತಿತ್ತು.

ಒಳಗೆ ಹೋದರೆ ಅದೊಂದು ಮನೆ! ಹಳೇ ಕಾಲದ ನಡುಮನೆಯನ್ನು ಹಾಗೆಯೇ ಎತ್ತಿ ತಂದಿಟ್ಟಂತಿತ್ತು. ಅಜ್ಜಿಯೊಬ್ಬಳು ಮನೆಗೆ ಬೀಗ ಹಾಕಿ, ಕೀಲಿ ಬಚ್ಚಿಟ್ಟು ಹೋಗಿದ್ದಾಳೆ ಎನ್ನುವುದು ಆಟದ ಕಥೆ. ಮಂಚದ ಮೇಲೆ ಕೌದಿಗಳು ಕೆದರಿದ್ದವು, ಪಾತ್ರೆಗಳು ಬೋರಲು ಬಿದ್ದಿದ್ದವು, ಕಪಾಟಿನ ತುಂಬಾ ಡಬ್ಬಿಗಳು, ಬಾಗಿಲ ಬಳಿ ನೆಲದ ಮೇಲೆ ಹಿಟ್ಟು ಚೆಲ್ಲಿತ್ತು. ಹಿಂದೆ ಬೀಗ ಬಿದ್ದ ಸದ್ದಾಯಿತು. ರಕ್ಷಾ ಗೋಡೆಯ ಮೇಲಿನ ಬರಹ ಓದತೊಡಗಿದಳು. ಕೊಟ್ರಮ್ಮ ಫೋಟೋಗಳ ಹಿಂದೆ ಇಣುಕಿದಳು. ಅಂಜಿನಮ್ಮನಿಗೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಅವಳ ಕೈಗಳಿಗೆ ಹೇಳಬೇಕಾಗಿಯೂ ಇರಲಿಲ್ಲ. ಕೌದಿ ಮಡಚಿದವು. ಪಾತ್ರೆ ಜೋಡಿಸಿದವು. ಮೂಲೆಯಲ್ಲಿದ್ದ ಕಸಬರಿಗೆ ತೆಗೆದುಕೊಂಡು ಚೆಲ್ಲಿದ್ದ ಹಿಟ್ಟನ್ನೆಲ್ಲ ಗುಡಿಸಿ ಒಂದೆಡೆ ಗುಡ್ಡೆ ಮಾಡಿದವು.

"ಕಸಬರಿಗೆ ಕೆಳಗಿಡ್ರಿ, ಅಂಜಿನಮ್ಮ."

ಸೂರಿನಿಂದ ಬಂತು ಧ್ವನಿ. ಅರುಣಾಳದೇ, ಹೊರಗೆ ಕ್ಯಾಮೆರಾದಲ್ಲಿ ನೋಡುತ್ತಾ ಸ್ಪೀಕರಿನಲ್ಲಿ ಮಾತಾಡುತ್ತಿದ್ದಳು. ಅಂಜಿನಮ್ಮ ಕತ್ತೆತ್ತಿ ನಿಂತಳು. ಕಸಬರಿಗೆ ತಗೋ ಎಂದವರು ಎಷ್ಟೋ ಮಂದಿ. ಕೆಳಗಿಡು ಎಂದವರನ್ನು ಅವಳು ಈವರೆಗೆ ಕಂಡಿರಲಿಲ್ಲ. ದೇವರು ಮಾತಾಡಿದರೂ ಅಷ್ಟು ಬೆರಗಾಗುತ್ತಿರಲಿಲ್ಲವೇನೋ.

"ಇಲ್ಲಿ ಏನನ್ನೂ ಸರಿ ಮಾಡಂಗಿಲ್ಲ ರೀ," ಎಂದಿತು ಧ್ವನಿ. "ಕೆದಕ್ರಿ, ಕೆಡವ್ರಿ, ಸುರೀರಿ. ನಿಮ್ಮ ಕೆಲ್ಸ ಬರೀ ಹುಡುಕೋದು. ಆ ಹಿಟ್ಟಿನಾಗೆ ಒಂದು ಗುರುತು ಇತ್ತು..."

"ಅವ್ವಾ! ಗುಡಿಸಿಬಿಟ್ಯಾ?" ರಕ್ಷಾ ತಲೆ ಮೇಲೆ ಕೈಯಿಟ್ಟಳು.

ಕೊಟ್ರಮ್ಮ ಗೋಡೆಗೆ ಒರಗಿ ನಕ್ಕಳು. "ಅತ್ತಿಗೆ, ನೀನು ಸ್ವರ್ಗಕ್ಕೆ ಹೋದ್ರೂ ಮೊದ್ಲು ಬಾಗ್ಲಿಗೆ ನೀರು ಹಾಕಿ ಒಳಗೆ ಹೋಗ್ತೀಯ ನೋಡು!"

"ಹೋಗ್ಲಿ ಬಿಡವ್ವ," ಎಂದಳು ರಕ್ಷಾ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ. "ನೀನು ಮಂಚದ ಮ್ಯಾಲೆ ಆರಾಮಾಗಿ ಕುಂದ್ರು. ನಾವು ನೋಡ್ಕಂತೀವಿ."

ಅಂಜಿನಮ್ಮ ಹೋಗಿ ಕೂತಳು. ಕೂತ ಕೂಡಲೇ ಗೊತ್ತಾಯಿತು, ಈ ಜಾಗ ಅವಳಿಗೆ ಹೊಸದಲ್ಲ. ಇದು ಮುರುಡೇಶ್ವರದ ಮರಳೇ. ಬಾಗಿಲೊಳಗೆ ಬಂದೂ ಹೊರಗೇ ಉಳಿಯುವುದೆಂದರೆ ಹೀಗೆ. ಈಗ ಕೂತರೆ ಇನ್ನು ಯಾವ ಆಟದಲ್ಲೂ ಏಳುವುದಿಲ್ಲ ಎಂದು ಅವಳಿಗೆ ಖಂಡಿತ ಅನ್ನಿಸಿತು.

"ಕುಂದ್ರಲ್ಲ," ಎಂದು ಎದ್ದಳು.

ಕಪಾಟಿನಿಂದ ಒಂದು ಡಬ್ಬಿ ಇಳಿಸಿ ಮುಚ್ಚಳ ತೆಗೆದಳು. ತುಂಬಾ ಹುಣಸೆಬೀಜ. ಕೈಯಾಡಿಸಿ ನೋಡಬಹುದಿತ್ತು. ಆದರೆ ಸುರೀರಿ ಅಂದಿದ್ದಾರಲ್ಲ! ಬಗ್ಗಿಸಲು ಹೋದರೆ ಮೊಣಕೈ ಒಪ್ಪಲೊಲ್ಲದು. ಕಾಳೊಂದು ಜಾರಿದರೂ ಹೆಕ್ಕಿ ತೆಗೆದ ಕೈ ಅದು. ಅವಳು ಕಣ್ಣು ಮುಚ್ಚಿ ಡಬ್ಬಿಯನ್ನು ಬೋರಲು ಮಾಡಿದಳು. ಬೀಜಗಳು ಚಟಪಟನೆ ಉದುರಿ ಮಂಚದಡಿ, ಗೋಡೆಮೂಲೆ ಎಲ್ಲೆಂದರಲ್ಲಿ ಓಡಿದವು. ಯಾರೂ ಬೈಯಲಿಲ್ಲ. ಸೂರೂ ಸುಮ್ಮನಿತ್ತು. ಅದರಲ್ಲಿ ಏನೂ ಸಿಗಲಿಲ್ಲ, ಆದರೆ ಅವಳಿಗೆ ಮೈಯೆಲ್ಲ ಹಗುರಾಯಿತು. ಇನ್ನೊಂದು ಡಬ್ಬಿ ಸುರಿದಳು. ತಾನೇ ಮಡಚಿದ ಕೌದಿಗಳನ್ನು ಎತ್ತಿ ಕೊಡವಿ ಎಸೆದಳು. ಮತ್ತೊಂದು ಡಬ್ಬಿ ಬೋರಲಾದಾಗ ಬೀಜಗಳ ನಡುವಿನಿಂದ ಕಬ್ಬಿಣದ ಹಿಡಿಯೊಂದು ಠಣ್ಣೆಂದು ಬಿತ್ತು.

"ಅವ್ವ, ಸಿಕ್ತು! ಕಪಾಟಿನ ಪಕ್ಕ ಒಂದು ತೂತು ಐತೆ, ಅದ್ಕೇ ಇದು!" ರಕ್ಷಾ ಹಿಡಿಯನ್ನು ತೂತಿಗೆ ಸೇರಿಸಿದಳು. ಮೂವರೂ ಸೇರಿ ಎಳೆದರು.

ಗೋಡೆ ಸರಿಯಿತು.

ಅಂಜಿನಮ್ಮ ಗೋಡೆಗಳನ್ನು ಬಲ್ಲವಳು. ತನ್ನ ಮನೆಯ ಗೋಡೆಗಳಿಗೆ ಪ್ರತಿ ಹಬ್ಬಕ್ಕೂ ಸುಣ್ಣ ಬಳಿದಿದ್ದಾಳೆ, ಮಸಿ ತಿಕ್ಕಿದ್ದಾಳೆ, ಯಾವುದರ ಬಿರುಕು ಎಲ್ಲಿದೆ ಎಂಬುದು ಅವಳ ಬೆರಳಿಗೆ ಗೊತ್ತು. ಗೋಡೆಯೊಂದು ಬಾಗಿಲೂ ಆಗಿರಬಹುದೆಂದು ಮಾತ್ರ ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಡಬ್ಬಿಗಳ ಸಮೇತ ಕಪಾಟು ಪಕ್ಕಕ್ಕೆ ಹೋಯಿತು, ಹಿಂದೆ ಕತ್ತಲೆ, ಕತ್ತಲೆಯೊಳಗೆ ಮಿಣುಕು. ಅವಳೇ ಮೊದಲು ಒಳಗೆ ಕಾಲಿಟ್ಟಳು.

ಸೂರಿನ ತುಂಬಾ ಕೀಲಿಗಳು. ದಾರಕ್ಕೆ ಕಟ್ಟಿ ಇಳಿಬಿಟ್ಟ ಕೀಲಿಗಳು, ಎಣಿಸಲು ಆಗದಷ್ಟು. ಹಿತ್ತಾಳೆಯವು, ಕಬ್ಬಿಣದವು, ಬೆರಳುದ್ದದವು, ಮೊಳದುದ್ದದವು. ಎಲ್ಲೋ ಅಡಗಿಸಿಟ್ಟ ದೀಪದ ಬೆಳಕಿನಲ್ಲಿ ಅವು ಮೆಲ್ಲಗೆ ತಿರುಗುತ್ತಾ, ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಅಂಜಿನಮ್ಮನ ಮುಖದ ಮೇಲೆ, ಕೈಯ ಮೇಲೆ ಬೆಳಕಿನ ಚುಕ್ಕೆಗಳು ಓಡಾಡಿದವು. ಅವಳು ಬಾಯಿ ತೆರೆದುಕೊಂಡು ನಿಂತೇ ಇದ್ದಳು. ಇಷ್ಟು ಕೀಲಿಗಳಿದ್ದರೆ ಇಷ್ಟು ಬಾಗಿಲುಗಳೂ ಎಲ್ಲೋ ಇರಬೇಕಲ್ಲ ಎಂದುಕೊಂಡಳು.

"ಯಾವುದು ಅಂತ ಆ ಹಿಟ್ಟಿನಾಗೆ ಬರೆದಿತ್ತು ಅಂತ ಕಾಣ್ತೈತೆ," ಎಂದಳು ರಕ್ಷಾ. "ಅವ್ವ, ನೆನಪೈತಾ?"

ನೆನಪಿರಲಿಲ್ಲ. ಗುಡಿಸುವಾಗ ಅವಳು ಕಸ ಕಂಡಿದ್ದಳೇ ಹೊರತು ಚಿತ್ರ ಕಂಡಿರಲಿಲ್ಲ. "ಒಂದೊಂದೇ ಹಾಕಿ ನೋಡಾಣ ಬರ್ರಿ," ಎಂದು ಸೆರಗು ಸಿಕ್ಕಿಸಿದಳು. ಕೀಲಿ ಬಿಚ್ಚುವುದು, ಬಾಗಿಲಿಗೆ ಓಡುವುದು, ತಿರುವುವುದು, ಮತ್ತೆ ಓಡುವುದು. ಕೊಟ್ರಮ್ಮ ಬೀಜದ ಮೇಲೆ ಜಾರಿ ಮಂಚ ಹಿಡಿದುಕೊಂಡಳು. ರಕ್ಷಾ ಸ್ಟೂಲ್ ಹತ್ತಿದಳು. ಅಂಜಿನಮ್ಮ "ಅದು, ಅದು, ಉದ್ದದ್ದು!" ಎಂದು ಕೂಗುತ್ತಿದ್ದಳು. ಗದ್ದೆಯ ಬದುವಿನಿಂದ ಮಂದಿಯನ್ನು ಊಟಕ್ಕೆ ಕರೆಯುವಾಗ ಬಿಟ್ಟರೆ ಅವಳ ದನಿ ಅಷ್ಟು ಎತ್ತರಕ್ಕೆ ಏರಿದ್ದು ರಕ್ಷಾ ಕೇಳಿರಲಿಲ್ಲ.

ಅಂಜಿನಮ್ಮ ಇನ್ನೊಂದು ಕೀಲಿ ತಿರುವುತ್ತಿದ್ದಂತೆಯೇ ಸಮಯ ಮುಗಿದ ಗಂಟೆ ಹೊಡೆಯಿತು. ಓಂಕಾರ್ ಹೊರಗಿನಿಂದ ಬಾಗಿಲು ತೆಗೆದ, ಹಿಂದೆಯೇ ಅರುಣಾ ಬಂದಳು.

"ನಿನ್ನ ಕಸಬರಿಗೆಯಿಂದ ಸೋತ್ವಿ ನೋಡು, ಅತ್ತಿಗೆ," ಎಂದಳು ಕೊಟ್ರಮ್ಮ, ಏದುಸಿರು ಬಿಡುತ್ತಾ.

ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೂ, ಉಣ್ಣುವವರು ತುತ್ತೆತ್ತುವ ಮೊದಲೇ ತಪ್ಪಾಯ್ತು ಅನ್ನುವವಳು ಅಂಜಿನಮ್ಮ. ರಕ್ಷಾ ಆ ಮಾತಿಗಾಗಿಯೇ ಕಾದಳು.

"ಹೌದು, ಸೋತ್ವಿ," ಎಂದಳು ಅಂಜಿನಮ್ಮ. ಗೆದ್ದವರಂತೆ ಅವಳ ಮುಖ ಅರಳಿತ್ತು. "ನಾವು ಮೂರೂ ಜನ."

ಆಮೇಲೆ ಅವಳು ತಿರುಗಿ ಕೋಣೆಯನ್ನು ನೋಡಿದಳು. ಬಿರುಗಾಳಿ ಹೊಕ್ಕು ಹೋದಂತಿತ್ತು. "ಇದನ್ನೆಲ್ಲ ಯಾರು ಎತ್ತಿಡಾದು?" ಎಂದು ಅರುಣಾಳನ್ನು ಕೇಳಿದಳು.

"ನಾವೇ ರೀ. ಮುಂದಿನೋರು ಬರೋದ್ರೊಳಗೆ."

"ದಿನಾ?"

"ಪ್ರತಿ ಆಟಕ್ಕೂ. ಅದೂ ಸೇರಿನೇ ನಾವು ದುಡ್ಡು ತಗಳೋದು."

"ಇವ್ರೂ ಮಾಡ್ತಾರಾ?" ಓಂಕಾರನ ಕಡೆ ಗದ್ದ ಎತ್ತಿ ತೋರಿಸಿದಳು.

"ನನಗಿಂತ ಚೆನ್ನಾಗಿ ಮಾಡ್ತಾರೆ."

"ನಾನು ಸ್ವಲ್ಪ ಹೊತ್ತು ನೋಡಬೋದಾ?"

ಅರುಣಾ ನಕ್ಕು ತಲೆಯಾಡಿಸಿದಳು. ಈ ಸಲ ಅಂಜಿನಮ್ಮ ತಾನಾಗಿ ಹೋಗಿ ಮಂಚದ ಮೇಲೆ ಕೂತಳು. ಅರುಣಾ ಸ್ಟೂಲ್ ಹತ್ತಿ ಕೀಲಿಗಳನ್ನು ಕಟ್ಟತೊಡಗಿದಳು. ಓಂಕಾರ್ ಬಾಗಿಲ ಬಳಿ ಹಿಟ್ಟು ಚೆಲ್ಲಿ, ಬೆರಳಿನಿಂದ ಒಂದು ಎಲೆ ಬರೆದ; ಅವಳು ಗುಡಿಸಿ ಹಾಕಿದ್ದ ಗುರುತು ಅದೇ. ಆಮೇಲೆ ಮೊಣಕಾಲೂರಿ, ಡಬ್ಬಿ ಪಕ್ಕಕ್ಕಿಟ್ಟುಕೊಂಡು, ಹುಣಸೆಬೀಜಗಳನ್ನು ಹೆಕ್ಕತೊಡಗಿದ. ಬೆಳೆದು ನಿಂತ ಗಂಡಸು, ಅವಳು ಚೆಲ್ಲಿದ್ದನ್ನು, ಗೊಣಗದೆ ಹೆಕ್ಕುತ್ತಿದ್ದ.

"ಕೈ ತುರಿಸ್ತೈತಾ ಅತ್ತಿಗೆ, ಸಹಾಯ ಮಾಡಾಕೆ?" ಕೊಟ್ರಮ್ಮ ಬಾಗಿಲಿಂದ ಕೆಣಕಿದಳು.

"ತುರಿಸ್ತೈತೆ," ಎಂದಳು ಅಂಜಿನಮ್ಮ, ಕಣ್ಣು ಕೀಳದೆ. "ತುರಿಸ್ಲಿ."

ಹೆಕ್ಕುತ್ತಾ ಹೆಕ್ಕುತ್ತಾ ಓಂಕಾರ್ ಮಂಚದವರೆಗೂ ಬಂದ. ಕೆಲವು ಬೀಜಗಳು ಅವಳ ಪಾದದಡಿ ಸೇರಿದ್ದವು.

"ಸ್ವಲ್ಪ ಕಾಲು ಎತ್ರೀ ಅಮ್ಮಾ," ಎಂದ.

ಅಂಜಿನಮ್ಮ ಎರಡೂ ಕಾಲು ಎತ್ತಿದಳು.