ಹಿಸಾಬಿನ ಸಾಹೇಬರ ಬಲತೋಳು

ಅವರ ಕರಿ ಶೇರ್ವಾನಿಯ ಬಲತೋಳು ಮೊಣಕೈವರೆಗೂ ಬೆಳ್ಳಗಿರುತ್ತಿತ್ತು. ಉರ್ದು ಬರೆಯುವುದು ಬಲದಿಂದ ಎಡಕ್ಕೆ. ಬರೆದದ್ದರ ಮೇಲೆಯೇ ತೋಳು ಹರಿದಾಡಿ, ಕ್ಲಾಸಿನ ಕರಿಹಲಗೆಯ ಮೇಲಿನ ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿಯೆಲ್ಲ ಬಟ್ಟೆಗೆ ಬರುತ್ತಿತ್ತು. ಸಂಜೆ ಕೋಟೆ ಗುಡ್ಡದ ಕೆಳಗಿನ ಓಣಿಯಲ್ಲಿ ತೋಳು ಜಾಡಿಸುತ್ತ ಬಂದರೆ ಅಂಗಡಿಯವರು, "ಏನ್ರಿ ಸಾಹೇಬ್ರ, ಗಿರಣಿಗೆ ಹೋಗಿದ್ರೇನು?" ಎಂದು ಕೆಣಕುತ್ತಿದ್ದರು. "ಹೌದಪ್ಪ, ನಿಮ್ಮ ಮಕ್ಕಳ ತಲಿ ಬೀಸಾಕ ಹೋಗಿದ್ದೆ" ಎನ್ನುತ್ತಿದ್ದರು ಅವರು.

ನಮಗೆ ಗಣಿತ ಕಲಿಸುತ್ತಿದ್ದುದರಿಂದ ಅವರು ಹಿಸಾಬಿನ ಸಾಹೇಬರು. ಮನೆಯಲ್ಲಿ ಕನ್ನಡ, ಹೈಸ್ಕೂಲಿನಲ್ಲಿ ಪಾಠವೆಲ್ಲ ಉರ್ದು. ನಿಜಾಮರ ಕಾಲದಲ್ಲಿ ನಮ್ಮ ಕಡೆ ಓದಿದವರ ಹಣೆಬರಹವೇ ಅದು. ಒಕ್ಕಲಿಗರ ಮಕ್ಕಳು ನಾವು ಕಣ್ಣು ಕಣ್ಣು ಬಿಡುತ್ತಿದ್ದೆವು. ಸಾಹೇಬರು 'ಮುಸಲ್ಲಸ್' ಎಂದು ಬರೆದು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕನ್ನಡದಲ್ಲಿ ಹೇಳುತ್ತಿದ್ದರು: "ಮೂರು ಮೂಲಿದ್ದು. ನಿಮ್ಮವ್ವನ ಒಲಿಗುಂಡು ನೋಡೀರಿಲ್ಲೊ? ಆ ಮೂರಕ್ಕೂ ಗೆರಿ ಎಳೀರಿ, ಅದ ಮುಸಲ್ಲಸ್." ಹಾಗೆ ಕನ್ನಡದಲ್ಲಿ ಹೇಳಿದ್ದು ಹೆಡ್‌ಮಾಸ್ತರರ ಕಿವಿಗೆ ಬಿದ್ದರೆ ಅವರಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಆಮೇಲೆ ನಿಜಾಮರ ಆಳ್ವಿಕೆ ಮುಗಿಯಿತು. ಇನ್ನು ಪಾಠವೂ ಕನ್ನಡ, ಮ್ಯಾಟ್ರಿಕ್ ಪರೀಕ್ಷೆಯೂ ಕನ್ನಡ ಎಂದು ಹುಕುಂ ಬಂತು. ಕುಣಿದಾಡಿಬಿಟ್ಟೆವು. ಕುಣಿತ ಇಳಿದ ಮೇಲೆ ಹೊಸ ಪುಸ್ತಕ ತೆರೆದರೆ, ಅಯ್ಯೋ ಶಿವನೇ, ಸಮದ್ವಿಬಾಹು, ಲಘುತ್ತಮ, ಪ್ರಮೇಯ! ನಮ್ಮದೇ ಭಾಷೆ, ನಮ್ಮ ಬಾಯಿಗೇ ಹೊರಳದು. ಯಲಬುರ್ಗಾದಿಂದ ಬಂದು ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ನನ್ನ ಗೆಳೆಯ, "ಕಲತದ್ದೆಲ್ಲಾ ನೀರಾಗ ಹೋತು. ಮತ್ತ ಮೊದಲಿಂದ ನನ್ನ ಕೈಲಿ ಆಗಂಗಿಲ್ಲಪಾ" ಎಂದು ಗಂಟು ಕಟ್ಟಿಕೊಂಡು ಊರಿಗೆ ಹೋದ. ತಿರುಗಿ ಬರಲಿಲ್ಲ.

ಸಾಹೇಬರ ಪಾಡು ಇನ್ನೂ ಕೆಟ್ಟದ್ದು. ಕನ್ನಡ ನಮ್ಮಷ್ಟೇ ಛಲೋ ಮಾತಾಡುತ್ತಿದ್ದರು, ಆದರೆ ಓದಲು ಬರೆಯಲು ಒಂದಕ್ಷರ ಬಾರದು. ಇನ್‌ಸ್ಪೆಕ್ಟರರ ಮುಂದೆ ಕನ್ನಡದಲ್ಲಿ ಬರೆದು ಪಾಠ ಮಾಡಿ ತೋರಿಸಬೇಕು, ಇಲ್ಲವೇ ಹೈಸ್ಕೂಲು ಬಿಡಬೇಕು. ಒಂದು ಬೆಳಿಗ್ಗೆ ನಮ್ಮ ಮನೆಯ ಕಟ್ಟೆಗೆ ಬಂದು ಕೂತರು. "ನಿನ್ನ ಅಕ್ಷರ ದುಂಡಗ ಅದಾವ. ನನಗ ತಿದ್ದಸೋ ತಮ್ಮಾ" ಎಂದರು. ಅವ್ವ ತಾಟಿನಲ್ಲಿ ಉಸುಕು ಹರವಿಕೊಟ್ಟಳು. ನರೆತ ಗಡ್ಡದ ಆ ಮನುಷ್ಯ ಉಸುಕಿನಲ್ಲಿ ಬೆರಳಿಟ್ಟು 'ಅ' ತಿದ್ದತೊಡಗಿದರು. "ತಪ್ಪಿದ್ರ ಕಿವಿ ಹಿಂಡು. ನಾ ನಿಂದು ಹಿಂಡಿಲ್ಲೇನು?" ಎಂದು ನಗುತ್ತಿದ್ದರು. ಅಕ್ಷರ ಬೇಗ ಕೂತವು. ಬೆರಳು ಮಾತ್ರ ಪ್ರತಿಸಲವೂ ತಾಟಿನ ಬಲ ಅಂಚಿಗೇ ಹೋಗುತ್ತಿತ್ತು. ನಾನು ಅವರ ಮುಂಗೈ ಹಿಡಿದು ಎಡಕ್ಕೆ ತಂದಿಡುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಇನ್‌ಸ್ಪೆಕ್ಟರರು ಬಂದು ನಮ್ಮ ಕ್ಲಾಸಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. "ತ್ರಿಕೋನದ ಪ್ರಮೇಯ ಬರೀರಿ" ಎಂದರು. ಸಾಹೇಬರು ಬಿಸ್ಮಿಲ್ಲಾ ಎಂದು ಹಲಗೆಯ ಮುಂದೆ ನಿಂತರು. ಜೀವಮಾನದ ರೂಢಿ, ಖಡು ನೆಟ್ಟಗೆ ಬಲ ಅಂಚಿಗೆ ಹೋಯಿತು. 'ತ್ರಿಕೋ' ಎನ್ನುವಷ್ಟರಲ್ಲಿ ಹಲಗೆ ಮುಗಿದುಹೋಯಿತು. ಗಾಬರಿಯಲ್ಲಿ 'ನದ' ಎಂಬುದನ್ನು ಗೋಡೆಯ ಮೇಲೆಯೇ ಬರೆದರು.

ಕ್ಲಾಸು ಘೊಳ್ಳೆಂದಿತು. ಇನ್‌ಸ್ಪೆಕ್ಟರರೂ ನಕ್ಕರು. ಇವತ್ತಿಗೂ ಆ ನಗು ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ. ನಾನು ಎದ್ದು, "ಅವರಿಗೆ ಬರ್ತೈತ್ರಿ, ಎಡಕ್ಕ ನಿಲ್ಲಿಸಿ ನೋಡ್ರಿ" ಎಂದೆ. "ಏ, ಕುಂಡ್ರಲೇ!" ಎಂದು ಇನ್‌ಸ್ಪೆಕ್ಟರರು ಗದರಿದರು. ಸಾಹೇಬರು ತೋಳಿನಿಂದ ಹಲಗೆ ಒರೆಸಿದರು. ಗೋಡೆಯನ್ನೂ ಒರೆಸಿದರು.

ಅವರನ್ನು ಕನಕಗಿರಿ ಕಡೆಯ ಒಂದು ಹಳ್ಳಿಯ ಉರ್ದು ಶಾಲೆಗೆ, ಸಣ್ಣ ಮಕ್ಕಳಿಗೆ ಅಲಿಫ್, ಬೇ ಹೇಳಿಕೊಡಲು ಹಾಕಿದರು. ಹೊರಡುವ ದಿನ ನನ್ನ ತಲೆ ಸವರಿ, "ನೀ ಮಾಸ್ತರ ಆಗು. ಹುಡುಗರಿಗೆ ತಿಳಿಯೋ ಮಾತಿನ್ಯಾಗ ಕಲಸು" ಎಂದರು.

ಮ್ಯಾಟ್ರಿಕ್ಕಿನಲ್ಲಿ ತ್ರಿಕೋನ ಎಂದು ಕೇಳಿದಾಗ ನಾನು ಅವ್ವನ ಒಲಿಗುಂಡುಗಳನ್ನು ನೆನೆದೆ. ಪಾಸಾದೆ. ಪೇಡೆ ಕಟ್ಟಿಸಿಕೊಂಡು ಅವರ ಹಳ್ಳಿಗೆ ಓಡಿದೆ. ಮನೆ ಬಾಗಿಲಲ್ಲಿ ನಿಂತು ಹೆಸರು ಹೇಳಿದೊಡನೆ ಪರದೆಯ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು: "ತಡಾ ಮಾಡಿದೆಲ್ಲೊ ಬೇಟಾ. ರಮಜಾನ್ ಮುಗದ ಮ್ಯಾಲೆ ಎದಿನೋವು ಅಂದ್ರು, ಹೋಗೇಬಿಟ್ರು." ಪೇಡೆಯ ಪುಡಿಕೆ ಹಿಡಿದುಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ.

ಮಡಚಿದ ಶೇರ್ವಾನಿ ಪರದೆಯ ಸಂದಿಯಿಂದ ಹೊರಗೆ ಬಂತು. "ಪಾಸಾಗಿ ಬಂದ್ರ ನಿನಗ ಕೊಡು ಅಂದಿದ್ರು." ಬಿಡಿಸಿದೆ. ಬಲತೋಳು ಎಡತೋಳಿನಷ್ಟೇ ಕರ್ರಗಿತ್ತು.

"ಒಗದೀರೇನ್ರಿ ಅಮ್ಮಾ?"

"ಇಲ್ಲೋ ಬೇಟಾ. ಈ ಸಾಲ್ಯಾಗ ಹಲಗಿನ ಇದ್ದಿಲ್ಲ. ಮಕ್ಕಳಿಗೆ ಉಸುಕಿನ್ಯಾಗ ತಿದ್ದಸ್ತಿದ್ರು."