ಕರ್ಪೂರ ಕಳೆದು ಉಳಿದದ್ದು

ವೃಂದಾಳಿಗೆ ದೇವರಲ್ಲಿ ನಂಬಿಕೆಯಿರಲಿಲ್ಲ, ಅಮ್ಮನ ಭಯವಿತ್ತು. ಚೆನ್ನೈನ ತಿರುವಲ್ಲಿಕೇಣಿಯಲ್ಲಿ ತಲೆತಲಾಂತರದಿಂದ ಮಡಿ ಉಟ್ಟು ಬಂದ ಮನೆತನದಲ್ಲಿ ಇವೆರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ.

೨೦೦೮ರ ಆಯುಧಪೂಜೆಯ ಬೆಳಿಗ್ಗೆ ಅಮ್ಮ ಲಕ್ಷ್ಮೀ ಕರ್ಪೂರ ಕಟ್ಟಿಕೊಟ್ಟರು. “ಆಟೋಗೂ ಪೂಜೆ ಆಗ್ತದೆ, ನಿನ್ನ ಲ್ಯಾಬಿನ ಮೆಷಿನ್ ಏನ್ ಪಾಪ ಮಾಡಿತ್ತು? ಮುಚ್ಚಳ ತೆಗೆದು ಒಳಗೆ ತೋರಿಸು. ವಾದ ಬೇಡ, ಡೀ.”

ಒಳಗಿದ್ದದ್ದು ಅಂಟುಟೇಪು ಹಚ್ಚಿ ಗ್ರಾಫೈಟಿನಿಂದ ಸುಲಿದ, ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಅದರಡಿ ಒಂದು ಜಗಮೊಂಡ ಹರಳು. ಹರಳಿನಲ್ಲಿ ಎಲೆಕ್ಟ್ರಾನುಗಳಿಗೇನೂ ಬರವಿಲ್ಲ. ಆದರೆ ಕೋಯಂಬೇಡಿನ ಬಸ್ಸಿನಲ್ಲಿ ಸೀಟಿಗೊಬ್ಬರು ಕೂತು ಪಕ್ಕದಲ್ಲಿ ಇನ್ನೊಬ್ಬರನ್ನು ಸೇರಿಸದಂತೆ, ಒಂದನ್ನೊಂದು ಸಹಿಸದೆ ಅಲ್ಲೇ ಬೇರೂರಿರುತ್ತವೆ. ಇವಕ್ಕೂ ಮೇಲಿನ ಹಾಳೆಗೂ ಕೊಡುಕೊಳ್ಳುವಿಕೆ ಇದೆಯೆಂದು ತೋರಿಸಿದರೆ ವೃಂದಾಳಿಗೆ ಪಿಎಚ್‌ಡಿ. ವರ್ಷಗಟ್ಟಲೆ ಹಾಳೆ ಕಮಕ್ ಕಿಮಕ್ ಎಂದಿರಲಿಲ್ಲ.

ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಮಂಗಳಾರತಿ ಮಾಡಿ ಬಂದಳು. ರಜೆ ಮುಗಿಸಿ ಅಳೆದರೆ, ಹಾಳೆಯ ಎಲೆಕ್ಟ್ರಾನುಗಳ ಲೆಕ್ಕ ತೋರಿಸುವ ಪರದೆಯ ಗೆರೆ ಸರ್ರನೆ ಪಕ್ಕಕ್ಕೆ ಸರಿದಿತ್ತು! ಗೈಡ್ ಶಂಕರನಾರಾಯಣ ಲಾಡು ಹಂಚಿ, “ಈ ವಾರವೇ ಪೇಪರ್ ಕಳಿಸಮ್ಮ,” ಎಂದರು.

ಸಂಜೆ ಮುಚ್ಚಳ ತೆಗೆದಾಗ ಕರ್ಪೂರ ಘಮ್ಮೆಂದಿತು. ಹಾಳೆಗೆ ಬಂದ ಎಲೆಕ್ಟ್ರಾನು ಕೆಳಗಿನ ಹರಳಿನದ್ದೋ, ಮೇಲೆ ಕೂತ ಹೊಗೆಯದ್ದೋ? ನಿರ್ವಾತದಲ್ಲಿ ಕಾಯಿಸಿದರೆ ಹೊಗೆ ಹೋಗುತ್ತದೆ, ಬಹುಶಃ ಪಿಎಚ್‌ಡಿಯೂ. ಸುಮ್ಮನಿದ್ದರೆ ಕೇಳುವವರಿಲ್ಲ. ಆದರೆ ಮಡಿ ಮನೆಯ ಮಗಳಿಗೆ ಮೈಲಿಗೆಯ ಅಂಕಿ ಗಂಟಲಲ್ಲಿ ಇಳಿಯಲಿಲ್ಲ.

“ಸಾರ್, ನಾನು ಮಂಗಳಾರತಿ ಮಾಡಿದ್ದೆ.”

“ಪೆಟ್ಟಿಗೆಗೆ ತಾನೆ? ನಾನೂ ಗಂಧ ಹಚ್ಚಿದೀನಿ.”

“ಮುಚ್ಚಳ ತೆಗೆದು, ಸಾರ್.”

ಅವರ ಲಾಡು ಬಾಯಿಗೆ ಹೋಗದೆ ನಿಂತಿತು. “ಅಯ್ಯೋ ಮಾರಾಯ್ತಿ! ಗರ್ಭಗುಡಿಗೇ ನುಗ್ಗಿಬಿಟ್ಯಾ? ಹೋಗು, ಕಾಯಿಸು.”

ಕಾಯಿಸಿದಳು. ಗೆರೆ ಹಿಂದೆ ಹಿಂದೆ ಬರುತ್ತಿದ್ದಂತೆ ಅಮ್ಮನನ್ನೂ ಕರ್ಪೂರದ ಅಂಗಡಿಯವನನ್ನೂ ಬಾಯಿಗೆ ಬಂದಂತೆ ಬೈದಳು. ಹಳೆಯ ಜಾಗಕ್ಕೆ ಕೂದಲೆಳೆಯಷ್ಟು ದೂರವಿರುವಾಗ ಗೆರೆ ನಿಂತುಬಿಟ್ಟಿತು. ಮತ್ತೆ ಕಾಯಿಸಿದರೂ ಕದಲಲಿಲ್ಲ. ಇಷ್ಟು ದಿನ ನಡುವೆ ಅಡ್ಡ ಕೂತಿದ್ದ ಟೇಪಿನ ಅಂಟು, ಹೊಗೆಯ ಜೊತೆಗೇ ಹೋಗಿ, ಹಾಳೆ ಹರಳಿಗೆ ತಾಗಿತ್ತು. ಬರೀ ಗಾಜಿನ ಮೇಲಿಟ್ಟ ಇನ್ನೊಂದು ಹಾಳೆಗೂ ಕರ್ಪೂರ ತೋರಿಸಿ ಕಾಯಿಸಿದಳು. ಅದು ಪೂರ್ತಿ ಹಿಂದಕ್ಕೆ ಬಂತು. ಹಾಗಾದರೆ ಉಳಿದದ್ದು ಹರಳಿನದ್ದೇ. ವೃಂದಾ ಯಂತ್ರದ ಮುಂದೆ ಕೂತು ಅತ್ತಳು.

ಮನೆಯಲ್ಲಿ ಎಲ್ಲ ಹೇಳಿದ ಮೇಲೆ ಲಕ್ಷ್ಮೀ ಕೇಳಿದರು, “ಎಷ್ಟು ಉಳೀತು?”

“ಸಾಸಿವೆಯಷ್ಟು, ಅಮ್ಮಾ.”

“ನಿಂದೇ ತಾನೆ? ಸಾಕು ಬಿಡು. ಕೈಕಾಲು ತೊಳ್ಕೊಂಡು ಬಾ, ಸಾರು ಆರ್ತಾ ಇದೆ.”