ಡಿಕ್ಕಿಯ ಬಾಯಿ ಅಳೆದ ಚಿಕ್ಕಮ್ಮ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತುಗಳೂ ನೆಟ್ಟಗೆ ಬರುವುದಿಲ್ಲ, ಓದುವವರು ಕ್ಷಮಿಸಬೇಕು. ಶಾಲೆ ಬಿಟ್ಟ ಮೇಲೆ ಚಿಕ್ಕಪ್ಪನ ಹಳೇ ಕಾರುಗಳ ಅಂಗಡಿಯಲ್ಲಿ ಪ್ರತಿ ಕಾರಿನ ವಿವರದ ಬೋರ್ಡು ಬರೆಯುತ್ತಿದ್ದೇನೆ. ಈ ಬರಹ ಚಿಕ್ಕಮ್ಮನ ಬಗ್ಗೆ.

ಚಿಕ್ಕಮ್ಮ ಮೊದಲು ಬಟ್ಟೆ ಹೊಲಿಯುತ್ತಿದ್ದಳು. ಕಣ್ಣು ಮಂಜಾದಾಗ ಹೊಲಿಗೆ ಬಿಟ್ಟು ಅಂಗಡಿಗೆ ಬಂದಳು. ಅಳತೆಯ ಟೇಪು ಮಾತ್ರ ಅವಳ ಕೊರಳಿಂದ ಇಳಿಯಲಿಲ್ಲ. ಅದರ ಒಂದು ಮಗ್ಗುಲಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟಿಮೀಟರ್. ಇಂಚಿನ ಅರೆ, ಕಾಲು, ಮುಕ್ಕಾಲಿನ ಗೋಜು ಗಿರಾಕಿಗೆ ಬೇಡವೆಂದು ಕಾರಿನ ಹಿಂದೆ ಸಾಮಾನು ಇಡುವ ಡಿಕ್ಕಿಯ ಉದ್ದ, ಅಗಲ, ಎತ್ತರವನ್ನೆಲ್ಲ ಸೆಂಟಿಮೀಟರಿನಲ್ಲೇ ಬರೆಸಿದಳು. ಚಿಕ್ಕಪ್ಪನಿಗೆ ಲೀಟರೇ ಬೇಕು.

"ಕಂಪನಿಯವರೇ ಲೀಟರಲ್ಲಿ ಹೇಳ್ತಾರೆ ಕಣೇ. ನಾನೂರ ಎಂಬತ್ತು ಅಂದ್ರೆ ಗಿರಾಕಿ ಬಾಯಿ ಬಿಡ್ತಾನೆ."

"ಡಿಕ್ಕೀಲಿ ಯಾರು ಹಾಲು ಹೊಯ್ತಾರ್ರೀ?"

ಮುಂದಿನ ಗಿರಾಕಿ ಯಾವ ಅಳತೆ ನಂಬಿ ಕಾರು ಕೊಳ್ಳುತ್ತಾರೋ, ಎಲ್ಲ ಬೋರ್ಡಿಗೂ ಅದೇ ಎಂದು ಕೊನೆಗೆ ಒಪ್ಪಂದವಾಯಿತು.

ಬಂದವರು ವಾದ್ಯತಂಡದಲ್ಲಿ ಡ್ರಮ್ಮು ಬಾರಿಸುವ ಒಬ್ಬರು. ದೊಡ್ಡ ಡ್ರಮ್ಮನ್ನು ಜೊತೆಗೇ ತಂದಿದ್ದರು. ಬಸ್ಸಿನವರು ಅದನ್ನು ಹತ್ತಿಸಿಕೊಳ್ಳುವುದಿಲ್ಲವಂತೆ. ಸ್ವಂತ ಗಾಡಿ ಇಲ್ಲದಿದ್ದರೆ ತಂಡ ಬೇರೆಯವರನ್ನು ಕರೆಯುತ್ತದಂತೆ. ಚಿಕ್ಕಪ್ಪ ಎದೆಯುಬ್ಬಿಸಿ ನಾನೂರ ಎಂಬತ್ತು ಲೀಟರಿನ ಉದ್ದ ಕಾರಿನ ಡಿಕ್ಕಿ ತೆಗೆದರು. ಡ್ರಮ್ಮು ಬಾಗಿಲಲ್ಲೇ ಸಿಕ್ಕಿಕೊಂಡಿತು.

"ಬಿಡಿ, ನನ್ನ ಹಣೇಲಿ ಕಾರಿಲ್ಲ," ಎಂದು ಅವರು ಡ್ರಮ್ಮು ಎತ್ತಿಕೊಂಡರು.

ಚಿಕ್ಕಮ್ಮನ ಬೋರ್ಡಿನ ಪ್ರಕಾರವೂ ಅದು ಹಿಡಿಯಬೇಕಿತ್ತು. ಅವಳು ಡಿಕ್ಕಿಯ ಅಂಚಿಗೆ ಕೈಯಿಟ್ಟು ನೋಡಿ ನಕ್ಕುಬಿಟ್ಟಳು.

"ನನ್ನ ಬುದ್ಧಿಗಿಷ್ಟು! ಅಂಗಿ ಎಷ್ಟು ದೊಗಳೆ ಹೊಲಿದ್ರೂ ಕೊರಳಲ್ಲಿ ತಲೆ ತೂರಬೇಕಲ್ಲ. ಒಳಗೆಲ್ಲ ಅಳೆದೆ, ಬಾಯೇ ಅಳೀಲಿಲ್ಲ. ಸ್ವಲ್ಪ ನಿಲ್ಲಿ ಅಣ್ಣಾ."

ಟೇಪು ಎಳೆದಳು. ಮಲಗಿಸಿದ ಡ್ರಮ್ಮಿನ ಎತ್ತರ ನಲವತ್ತೆಂಟು, ಆ ಡಿಕ್ಕಿಯ ಬಾಯಿಯ ಎತ್ತರ ನಲವತ್ನಾಲ್ಕೇ ಸೆಂಟಿಮೀಟರ್. ಮೂಲೆಯಲ್ಲಿದ್ದ, ಹಿಂದಿನ ಬಾಗಿಲು ಪೂರ್ತಿ ಮೇಲೇಳುವ ಕೆಂಪು ಮೋಟುಕಾರಿನ ಬಾಯಿ ಅರವತ್ತೈದು. ಡ್ರಮ್ಮಿನ ಅಡ್ಡಗಲ ಎಪ್ಪತ್ತು, ಆ ಕಾರಿನ ಡಿಕ್ಕಿಯ ಒಳಗಿನ ಉದ್ದ ಎಪ್ಪತ್ನಾಲ್ಕು.

"ಅದು ಮುನ್ನೂರ ಅರವತ್ತೇ ಲೀಟರು," ಚಿಕ್ಕಪ್ಪ ಗೊಣಗಿದರು.

ಡ್ರಮ್ಮು ಸದ್ದಿಲ್ಲದೆ ಒಳಗೆ ಕೂತಿತು. ಡ್ರಮ್ಮಿನವರು ಡಿಕ್ಕಿಯೊಳಗೇ ಅದನ್ನೊಮ್ಮೆ ಬಾರಿಸಿದರು. "ಇದೇ ಕೊಡಿ ಅಕ್ಕಾ!"

"ಆಯ್ತು ತಾಯಿ, ನೀನೇ ಗೆದ್ದೆ," ಎಂದ ಚಿಕ್ಕಪ್ಪ ನನ್ನತ್ತ ತಿರುಗಿದರು. "ಪುಟ್ಟೀ, ಲೀಟರಿನ ಮಾತು ಬೇಡ."

"ಬಾಯಿ ಅಳತೇನೂ ಸೇರಿಸೇ," ಎಂದಳು ಚಿಕ್ಕಮ್ಮ, ಟೇಪನ್ನು ನನ್ನ ಕೊರಳಿಗೆ ಹಾಕುತ್ತ.

ನಾಳೆ ಬೆಳಿಗ್ಗೆ ಉಳಿದ ಕಾರುಗಳ ಡಿಕ್ಕಿಯ ಬಾಯಿಗಳನ್ನು ಅಳೆದು, ಬೋರ್ಡುಗಳ ಮೇಲೆ ಸೆಂಟಿಮೀಟರಿನಲ್ಲಿ, ನಿಧಾನವಾಗಿ, ದುಂಡಗೆ ಬರೆಯುತ್ತೇನೆ.